ಹನ್ನೊಂದಕ್ಕೇ ನಿಂತ ಲೆಕ್ಕ: ಒಂದು ಚೆಕ್‌ಸಮ್ ದೋಷದ ಪ್ರಕರಣ

ದೂರು ಪ್ರತಿಸಲವೂ ಒಂದೇ ಮಾತಿನಲ್ಲಿ ಬರುತ್ತಿತ್ತು. "ಸರ್, ರಾತ್ರಿಯ ಫೈಲ್ ಮತ್ತೆ ಅರ್ಧಕ್ಕೆ ನಿಂತಿದೆ. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದೆ, ಹೋಯಿತು." ಹೇಳುತ್ತಿದ್ದವರು ಕಾರ್ಖಾನೆಯೊಂದರ ವಿದ್ಯುತ್ ವಿಭಾಗದ ಮೇಲ್ವಿಚಾರಕರು. ಅಲ್ಲಿನ ಮೀಟರ್‌ಗಳ ಅಂಕಿಗಳನ್ನು ಕೂಡಿಹಾಕಿ ಅದೇ ಆವರಣದ ಸರ್ವರ್‌ಗೆ ಕಳಿಸುವ 30 ಡೇಟಾ ಲಾಗರ್‌ಗಳ ಫರ್ಮ್‌ವೇರ್, ಎಂದರೆ ಆ ಪೆಟ್ಟಿಗೆಗಳ ಒಳಗೆ ಓಡುವ ಪ್ರೋಗ್ರಾಮ್, ನಮ್ಮದು. ಒಂದೊಂದು ಪೆಟ್ಟಿಗೆಯೂ ಮಧ್ಯರಾತ್ರಿ ಸುಮಾರು 60 ಸಾವಿರ ಬೈಟ್‌ಗಳ ಒಂದು ಪಠ್ಯ ಫೈಲ್ ಕಳಿಸಬೇಕು. ಬೆಳಿಗ್ಗೆ ನೋಡಿದರೆ ದಿನವೂ ಎರಡೋ ಮೂರೋ ಪೆಟ್ಟಿಗೆಗಳು ನಡುದಾರಿಯಲ್ಲಿ ನಿಂತಿರುತ್ತಿದ್ದವು. ಇವತ್ತು ನಿಂತದ್ದು ನಾಳೆ ನಿಲ್ಲುತ್ತಿರಲಿಲ್ಲ. ಯಾವ ಪೆಟ್ಟಿಗೆಗೂ ವಿಶೇಷ ಪಕ್ಷಪಾತವಿರಲಿಲ್ಲ.

ಇಂಥ ದೂರು ಬಂದಾಗ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಕೇಬಲ್ ಬದಲಿಸಿದೆವು. ಸ್ವಿಚ್ ಬದಲಿಸಿದೆವು. ಟೈಮ್‌ಔಟ್ ಹೆಚ್ಚಿಸಿದೆವು, ಅದರಿಂದ ನಿಂತ ಪೆಟ್ಟಿಗೆ ಇನ್ನೂ ಹೆಚ್ಚು ಹೊತ್ತು ನಿಂತಿತು, ಅಷ್ಟೆ. ಫೈಲ್ ಹೋಗುವುದು ಪ್ಯಾಕೆಟ್ ಎಂಬ ತುಂಡುಗಳಾಗಿ; ದೊಡ್ಡ ಪ್ಯಾಕೆಟ್‌ಗಳಿಗೆ ಏನೋ ತೊಂದರೆಯಿರಬಹುದೆಂದು ಪ್ಯಾಕೆಟ್ ಒಂದಕ್ಕೆ 1460 ಬೈಟ್ ಇದ್ದದ್ದನ್ನು 536ಕ್ಕೆ ಇಳಿಸಿದೆವು. ಏನೂ ಬದಲಾಗಲಿಲ್ಲ. ನಮ್ಮ ಕಚೇರಿಯ ಮೇಜಿನ ಮೇಲೆ ಪೆಟ್ಟಿಗೆಯಿಟ್ಟು, ಬರೀ ಸೊನ್ನೆ ಬೆಲೆಯ ಬೈಟ್‌ಗಳನ್ನು ತುಂಬಿದ ಫೈಲನ್ನು ಐವತ್ತು ಸಲ ಕಳಿಸಿ ನೋಡಿದೆವು. ಐವತ್ತೂ ಹೋದವು. ಆ ಸೊನ್ನೆಗಳ ಫೈಲನ್ನು ಆರಿಸಿದವನು ನಾನು. ಅದಕ್ಕಿಂತ ಕೆಟ್ಟ ಪರೀಕ್ಷೆಯನ್ನು ಹುಡುಕಿದರೂ ಸಿಗುತ್ತಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಕಡೆಗೆ ಕಾರ್ಖಾನೆಗೇ ಹೋಗಿ, ಸರ್ವರ್‌ನ ಬಾಗಿಲಲ್ಲಿ ಸ್ವಿಚ್‌ನ ಪೋರ್ಟನ್ನು ಮಿರರ್ ಮಾಡಿ, ಎಂದರೆ ಅಲ್ಲಿ ಹಾಯುವುದರ ನಕಲು ನಮಗೂ ಬರುವಂತೆ ಮಾಡಿ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಪ್ರೋಗ್ರಾಮನ್ನು ರಾತ್ರಿಯಿಡೀ ಓಡಿಸಿದೆವು. ಬೆಳಿಗ್ಗೆ ಕಂಡದ್ದು ಇಷ್ಟು: ಪೆಟ್ಟಿಗೆ ಒಂದರ ಹಿಂದೊಂದು ಪ್ಯಾಕೆಟ್ ಕಳಿಸುತ್ತದೆ, ಸರ್ವರ್ ಪ್ರತಿಯೊಂದಕ್ಕೂ ತಲುಪಿತು ಎನ್ನುತ್ತದೆ. ಇದ್ದಕ್ಕಿದ್ದಂತೆ ಒಂದು ಪ್ಯಾಕೆಟ್‌ಗೆ ಸರ್ವರ್ ಮೌನ. ಪೆಟ್ಟಿಗೆ ಅದನ್ನೇ ಮತ್ತೆ ಕಳಿಸುತ್ತದೆ, ಮೌನ. ಎರಡು ಸೆಕೆಂಡ್ ಬಿಟ್ಟು, ನಾಲ್ಕು ಬಿಟ್ಟು, ಎಂಟು ಬಿಟ್ಟು ಅದೇ ಪ್ಯಾಕೆಟ್. ಸರ್ವರ್ ನಿರಾಕರಿಸುವುದೂ ಇಲ್ಲ, ಸಂಪರ್ಕ ಕಡಿಯುವುದೂ ಇಲ್ಲ. ಪ್ಯಾಕೆಟ್ ಸರ್ವರ್‌ನ ಬಾಗಿಲಿಗೆ ಬಂದಿರುವುದು ನಮ್ಮ ಕಣ್ಣೆದುರೇ ಇದೆ. ಆದರೆ ಸರ್ವರ್ ತಂಡದವರು ತಮ್ಮ ಲಾಗ್ ತೋರಿಸಿ, ಅದು ತಮ್ಮವರೆಗೆ ಬಂದೇ ಇಲ್ಲ ಎಂದರು. ಇಬ್ಬರು ಹೇಳಿದ್ದೂ ನಿಜ. ಪ್ಯಾಕೆಟ್ ದಾರಿಯಲ್ಲಿ ಕೆಟ್ಟಿದೆಯೇ ಎಂದು ನೋಡಲು ಅದರೊಳಗೇ ಬರೆದು ಕಳಿಸುವ ತಾಳೆಸಂಖ್ಯೆಯೇ ಚೆಕ್‌ಸಮ್. ಅದು ತಾಳೆಯಾಗದ ಪ್ಯಾಕೆಟನ್ನು ಸರ್ವರ್‌ನ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಸದ್ದಿಲ್ಲದೆ ಬಿಸಾಡುತ್ತದೆ. ಮೇಲಿನ ಪ್ರೋಗ್ರಾಮ್‌ಗೆ ಆ ಪ್ಯಾಕೆಟ್‌ನ ಸುದ್ದಿಯೇ ಮುಟ್ಟುವುದಿಲ್ಲ.

ವೈರ್‌ಶಾರ್ಕ್ ಏಕೆ ಹೇಳಲಿಲ್ಲ? ಅದು ಟಿಸಿಪಿಯ (ಪ್ಯಾಕೆಟ್‌ಗಳನ್ನು ತಪ್ಪದೆ ತಲುಪಿಸುವ ನೆಟ್‌ವರ್ಕ್ ಪದ್ಧತಿಯ) ಚೆಕ್‌ಸಮ್ಮನ್ನು ತಾನಾಗಿ ಪರೀಕ್ಷಿಸುವುದಿಲ್ಲ; ಆ ಆಯ್ಕೆಯನ್ನು ನಾವೇ ಹೋಗಿ ಆನ್ ಮಾಡಬೇಕು. ಅದಕ್ಕೂ ಕಾರಣವಿದೆ. ಈಗಿನ ಕಂಪ್ಯೂಟರ್‌ಗಳಲ್ಲಿ ಹೊರಹೋಗುವ ಪ್ಯಾಕೆಟ್‌ನ ಚೆಕ್‌ಸಮ್ಮನ್ನು ನೆಟ್‌ವರ್ಕ್ ಕಾರ್ಡ್ ಕೊನೆಯ ಗಳಿಗೆಯಲ್ಲಿ ತುಂಬುತ್ತದೆ. ಹಾಗಾಗಿ ಕಳಿಸುವ ಯಂತ್ರದಲ್ಲೇ ಹಿಡಿದು ನೋಡಿದರೆ ಎಲ್ಲವೂ ತಪ್ಪಾಗಿಯೇ ಕಾಣುತ್ತವೆ. ವರ್ಷಗಟ್ಟಲೆ ಆ ಸುಳ್ಳು ಎಚ್ಚರಿಕೆಯನ್ನು ನೋಡಿ ನೋಡಿ, ಚೆಕ್‌ಸಮ್ ತಪ್ಪು ಎಂಬ ಸಾಲನ್ನು ಕಣ್ಣು ದಾಟಿಸಿಕೊಂಡು ಹೋಗುವ ಅಭ್ಯಾಸ ನಮಗೆಲ್ಲ ಆಗಿಬಿಟ್ಟಿದೆ. ನಮಗೆ ಸುಳಿವು ಕೊಟ್ಟದ್ದು ಸರ್ವರ್‌ನ ಲಿನಕ್ಸ್ ಇಟ್ಟುಕೊಳ್ಳುವ ಒಂದು ಎಣಿಕೆ. ಟಿಸಿಪಿ ಅಂಕಿಅಂಶಗಳಲ್ಲಿ, ಚೆಕ್‌ಸಮ್ ತಪ್ಪಿ ಬಂದ ಪ್ಯಾಕೆಟ್‌ಗಳಿಗೆಂದೇ ಒಂದು ಪ್ರತ್ಯೇಕ ಸಾಲಿದೆ. ನಿಂತ ಪೆಟ್ಟಿಗೆ ಒಂದೊಂದು ಸಲ ಪ್ಯಾಕೆಟನ್ನು ಮತ್ತೆ ಕಳಿಸಿದಾಗಲೂ ಆ ಸಂಖ್ಯೆ ಒಂದೊಂದು ಏರುತ್ತಿತ್ತು.

ಹೀಗೆ ತಪ್ಪಿದ ಹನ್ನೆರಡು ಪ್ಯಾಕೆಟ್‌ಗಳನ್ನು ಗುಡ್ಡೆ ಹಾಕಿದೆವು. ತಂಡದ ಕಿರಿಯ ಎಂಜಿನಿಯರ್ ಅವುಗಳನ್ನು ಸಾಲಾಗಿ ಜೋಡಿಸಿ ನೋಡುತ್ತಾ ಕೇಳಿದಳು: "ಸರ್, ಎಲ್ಲದರಲ್ಲೂ ಚೆಕ್‌ಸಮ್‌ನ ಎರಡನೆಯ ಬೈಟ್ 255 ಏಕೆ?" ಹೌದು, ಹನ್ನೆರಡರಲ್ಲೂ 255. ಯಾದೃಚ್ಛಿಕವಾಗಿ ಕೆಟ್ಟಿದ್ದರೆ ಹಾಗಾಗುವ ಸಾಧ್ಯತೆ ಒಂದಕ್ಕೆ 256ರಲ್ಲಿ ಒಂದು. ಹನ್ನೆರಡಕ್ಕೂ ಸೇರಿ ಎಂದರೆ ಆ ಮಾತೇ ಬೇಡ. ಜೊತೆಗೆ, ಇದ್ದ ಬೆಲೆಗೂ ಇರಬೇಕಾದ ಬೆಲೆಗೂ ವ್ಯತ್ಯಾಸ ಪ್ರತಿಸಲವೂ ಸರಿಯಾಗಿ 256. ತಂತಿಯಲ್ಲಿ ಕೆಟ್ಟ ಬಿಟ್ ಇಷ್ಟು ಶಿಸ್ತಿನಿಂದ ಕೆಡುವುದಿಲ್ಲ. ಕೇಬಲ್ ಅಂದೇ ನಿರ್ದೋಷಿಯಾಯಿತು; ಬೆರಳು ನಮ್ಮ ಕೋಡಿನ ಕಡೆಗೆ ತಿರುಗಿತು.

ಇಲ್ಲಿ ಚೆಕ್‌ಸಮ್ ಹೇಗೆ ಹುಟ್ಟುತ್ತದೆ ಎಂದು ಹೇಳಬೇಕು. ಪ್ಯಾಕೆಟ್‌ನ ಬೈಟ್‌ಗಳನ್ನು ಎರಡೆರಡಾಗಿ ಜೋಡಿಸಿದರೆ 0ಯಿಂದ 65535ರ ಒಳಗಿನ ಸಂಖ್ಯೆಗಳಾಗುತ್ತವೆ. ಅವನ್ನೆಲ್ಲ ಕೂಡಿಸಬೇಕು. ಮೊತ್ತ 16 ಬಿಟ್‌ನ ಮನೆ ದಾಟಿ ಉಕ್ಕಿದರೆ, ಉಕ್ಕಿದ್ದನ್ನು ಚೆಲ್ಲದೆ, ಶಾಲೆಯಲ್ಲಿ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದೆವಲ್ಲ ಹಾಗೆ, ತಂದು ಮತ್ತೆ ಕೆಳಗಿನ ತುದಿಗೆ ಕೂಡಿಸಬೇಕು. ಕಡೆಯಲ್ಲಿ ಸಿಕ್ಕದ್ದನ್ನು 65535ರಿಂದ ಕಳೆದು ಪ್ಯಾಕೆಟ್‌ನಲ್ಲಿ ಬರೆಯಬೇಕು. ಪ್ರತಿ ಹೆಜ್ಜೆಗೂ ಉಕ್ಕಿದ್ದನ್ನು ನೋಡುತ್ತಾ ಕೂತರೆ ನಿಧಾನ. ಆದ್ದರಿಂದ ಎಲ್ಲರೂ 32 ಬಿಟ್‌ನ ದೊಡ್ಡ ಪಾತ್ರೆಯಲ್ಲಿ ಕೂಡಿಸಿ, ಕೊನೆಯಲ್ಲಿ ಒಮ್ಮೆ ಮೇಲಿನ ಅರ್ಧವನ್ನು ಕೆಳಗಿನ ಅರ್ಧಕ್ಕೆ ಮಡಿಸುತ್ತಾರೆ.

ಒಮ್ಮೆ ಮಡಿಸಿದರೆ ಸಾಕೇ ಎಂಬುದೇ ಪ್ರಶ್ನೆ.

ಹುಟ್ಟಿದ ತಾರೀಕಿನಿಂದ ಜನ್ಮಸಂಖ್ಯೆ ಹೇಳುವವರನ್ನು ನೋಡಿರುತ್ತೀರಿ. ಅವರ ಭವಿಷ್ಯದ ಬಗ್ಗೆ ನನಗೆ ನಂಬಿಕೆಯಿಲ್ಲ, ಆದರೆ ಕೂಡುವ ಕ್ರಮದಲ್ಲಿ ಅವರು ತಪ್ಪುವುದಿಲ್ಲ. 23ನೇ ತಾರೀಕು ಎಂದರೆ 2 ಮತ್ತು 3 ಸೇರಿ 5, ಮುಗಿಯಿತು. 29 ಎಂದರೆ 2 ಮತ್ತು 9 ಸೇರಿ 11. ಅದು ಇನ್ನೂ ಎರಡಂಕಿ, ಆದ್ದರಿಂದ ಮತ್ತೆ ಕೂಡಿ 2. ನಮ್ಮ ಕೋಡು 11ಕ್ಕೇ ನಿಂತಿತ್ತು. ಬರೆಯುವ ಜಾಗ ಇರುವುದು ಒಂದೇ ಅಂಕಿಗೆ; ಹಾಗಾಗಿ ಹಿಂದಿನ 1ನ್ನು ಚೆಲ್ಲಿ ಕೊನೆಯ 1ನ್ನು ಮಾತ್ರ ಬರೆಯಿತು. ಬರಬೇಕಾದದ್ದು 2, ಬಂದದ್ದು 1.

ಹಿಡಿದ ಪ್ಯಾಕೆಟ್‌ಗಳಲ್ಲಿ ಒಂದನ್ನು ಕೈಯಿಂದಲೇ ಕೂಡಿದೆವು. ಮೊತ್ತ 9830284. ಅದರಲ್ಲಿ 65536 ಇರುವುದು 149 ಸಲ, ಉಳಿಯುವುದು 65420. ಮಡಿಸಿದರೆ 65420 ಮತ್ತು 149 ಸೇರಿ 65569. ಇದು 65535ನ್ನು ಮೀರಿತು. ಮತ್ತೊಮ್ಮೆ ಮಡಿಸಿದ್ದರೆ 33ಕ್ಕೆ 1 ಸೇರಿ 34 ಬರಬೇಕಿತ್ತು. ನಮ್ಮ ಕೋಡು 16 ಬಿಟ್‌ಗೆ ಕತ್ತರಿಸಿ 33 ಎಂದಿತು. 65535ರಿಂದ ಕಳೆದಾಗ ಹೋದದ್ದು 65502, ಹೋಗಬೇಕಿದ್ದದ್ದು 65501. ತಪ್ಪು ಒಂದೇ ಒಂದು.

ಹಾಗಾದರೆ ವೈರ್‌ಶಾರ್ಕ್‌ನಲ್ಲಿ 256ರ ವ್ಯತ್ಯಾಸ ಕಂಡದ್ದೇಕೆ? ನಮ್ಮ ಪ್ರೊಸೆಸರ್ ಕಿರಿಯ ಬೈಟನ್ನು ಮೊದಲು ಇಡುವ ಜಾತಿಯದು. ನೆಟ್‌ವರ್ಕ್‌ನ ಪದ್ಧತಿ ಹಿರಿಯ ಬೈಟ್ ಮೊದಲು. ಈ ಚೆಕ್‌ಸಮ್‌ನ ಸೊಗಸು ಏನೆಂದರೆ, ಬೈಟ್‌ಗಳನ್ನು ಅದಲುಬದಲು ಮಾಡಿ ಕೂಡಿಸಿದರೆ ಉತ್ತರವೂ ಅದಲುಬದಲಾಗಿಯೇ ಬರುತ್ತದೆ. ಅದನ್ನು ಹಾಗೆಯೇ ನೆನಪಿನಲ್ಲಿ ಬರೆದರೆ ತಂತಿಯ ಮೇಲೆ ತಾನಾಗಿ ಸರಿಯಾಗುತ್ತದೆ. ಆದ್ದರಿಂದ ತಿರುವುವ ಗೊಡವೆಗೇ ಯಾರೂ ಹೋಗುವುದಿಲ್ಲ. ನಮ್ಮ 65502 ತಂತಿಯ ಮೇಲೆ 222, 255 ಎಂಬ ಬೈಟ್‌ಗಳಾಗಿ ಹೋಯಿತು. ಸರಿಯಾದದ್ದು 221, 255. ಮೊದಲ ಬೈಟ್‌ನಲ್ಲಿ ಒಂದು ಹೆಚ್ಚಾದರೆ ಓದುವವನಿಗೆ ಅದು 256. ಎರಡನೆಯ ಬೈಟ್ ಯಾವಾಗಲೂ 255 ಆಗಿದ್ದಕ್ಕೂ ಉತ್ತರ ಇಲ್ಲಿಯೇ ಇದೆ. ಉಕ್ಕಿದ ಮೇಲೆ ಉಳಿಯುವ ಬೆಲೆ, ಇಲ್ಲಿನ 33ರ ಹಾಗೆ, ಮೇಲಿನ ಅರ್ಧಕ್ಕಿಂತ ಸಣ್ಣದೇ ಆಗಿರುತ್ತದೆ. ನಮ್ಮ ಫೈಲ್‌ಗಳಲ್ಲಿ ಮೇಲಿನ ಅರ್ಧ 149ರ ಆಸುಪಾಸು. ಅಷ್ಟು ಸಣ್ಣದನ್ನು 65535ರಿಂದ ಕಳೆದರೆ ಹಿರಿಯ ಬೈಟ್ 255 ಆಗದೆ ವಿಧಿಯಿಲ್ಲ.

ಎಷ್ಟು ಸಲ ಹೀಗಾಗಬೇಕು ಎಂದೂ ಲೆಕ್ಕ ಹಾಕಬಹುದು. ತುಂಬಿದ ಪ್ಯಾಕೆಟ್‌ನಲ್ಲಿ 1460 ಬೈಟ್ ಮಾಹಿತಿ, ಅದರ ಮುಂದೆ ಸೇರುವ 20 ಬೈಟ್ ಟಿಸಿಪಿ ತಲೆಬರಹ, ಲೆಕ್ಕಕ್ಕೆಂದು ಮಾತ್ರ ಸೇರುವ 12 ಬೈಟ್ ಹುಸಿ ತಲೆಬರಹ. ಒಟ್ಟು 746 ಜೋಡಿ. ಮಾಹಿತಿಯೆಲ್ಲ ಅಂಕಿ, ಅಲ್ಪವಿರಾಮ, ಚುಕ್ಕೆ. ಅವುಗಳ ಬೈಟ್ ಬೆಲೆ ಸರಾಸರಿ 49ರ ಸುತ್ತ. ಹಾಗಾಗಿ ಮೇಲಿನ ಅರ್ಧ 149ರ ಹತ್ತಿರ ಬರುತ್ತದೆ. ಕೆಳಗಿನ ಅರ್ಧ 65536ಕ್ಕೆ ಅಷ್ಟೇ ಹತ್ತಿರವಿದ್ದಾಗ ಮಾತ್ರ ಉಕ್ಕುತ್ತದೆ, ಎಂದರೆ 440 ಪ್ಯಾಕೆಟ್‌ಗೆ ಒಂದರಂತೆ. ಒಂದು ಫೈಲ್‌ಗೆ 42 ಪ್ಯಾಕೆಟ್. ಅಂದರೆ ಒಂದು ಪೆಟ್ಟಿಗೆ ಹತ್ತು ಹನ್ನೊಂದು ದಿನಕ್ಕೊಮ್ಮೆ ನಿಲ್ಲಬೇಕು, 30 ಪೆಟ್ಟಿಗೆಗಳಲ್ಲಿ ದಿನಕ್ಕೆ ಮೂರರ ಹತ್ತಿರ. ಮೇಲ್ವಿಚಾರಕರ ದೂರಿನ ಪುಸ್ತಕದಲ್ಲಿದ್ದದ್ದೂ ಅದೇ.

ಪ್ಯಾಕೆಟನ್ನು 536 ಬೈಟ್‌ಗೆ ಇಳಿಸಿದಾಗ ಏನೂ ಬದಲಾಗದ್ದೂ ಇದರಿಂದಲೇ ಅರ್ಥವಾಯಿತು. ಪ್ಯಾಕೆಟ್ ಸಣ್ಣದಾದರೆ ಮೇಲಿನ ಅರ್ಧವೂ ಸಣ್ಣದಾಗಿ ತಪ್ಪುವ ಸಂಭವ ಇಳಿಯುತ್ತದೆ. ಆದರೆ ಪ್ಯಾಕೆಟ್‌ಗಳ ಸಂಖ್ಯೆ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಎಡಗೈಯಲ್ಲಿ ಉಳಿಸಿದ್ದನ್ನು ಬಲಗೈಯಲ್ಲಿ ಖರ್ಚು ಮಾಡಿದ ಹಾಗೆ. ಇನ್ನು ನನ್ನ ಸೊನ್ನೆಗಳ ಫೈಲ್: ಎಷ್ಟು ಸೊನ್ನೆ ಕೂಡಿಸಿದರೂ ಮೇಲಿನ ಅರ್ಧ ಏಳೆಂಟನ್ನು ದಾಟುವುದಿಲ್ಲ, ಅದೂ ತಲೆಬರಹಗಳ ಕೃಪೆಯಿಂದ. ಎಂಟು ಸಾವಿರ ಪ್ಯಾಕೆಟ್‌ಗೊಂದು ತಪ್ಪುವುದನ್ನು ಐವತ್ತು ಸಲ ಕಳಿಸಿ ಹಿಡಿಯಲು ಹೊರಟಿದ್ದೆ.

ಮತ್ತೆ ಕಳಿಸಿದಾಗಲೂ ತಪ್ಪುವುದೇಕೆ ಎಂಬುದಕ್ಕೆ ಉತ್ತರ ಸರಳ. ನಮ್ಮ ಪುಟ್ಟ ಸ್ಟ್ಯಾಕ್‌ನಲ್ಲಿ, ಎಂದರೆ ಪೆಟ್ಟಿಗೆಯ ನೆಟ್‌ವರ್ಕ್ ಕೋಡಿನಲ್ಲಿ, ಪ್ಯಾಕೆಟ್‌ಗೆ ವೇಳೆ ಬರೆಯುವ ಟಿಸಿಪಿಯ ಸಮಯಮುದ್ರೆಯ ಆಯ್ಕೆ ಇಲ್ಲ. ಸರ್ವರ್‌ನಿಂದ ಹೊಸದೇನೂ ಬರುತ್ತಿಲ್ಲವಾದ್ದರಿಂದ ತಲೆಬರಹದ ಯಾವ ಅಂಕಿಯೂ ಬದಲಾಗುವುದಿಲ್ಲ. ಅದೇ ಬೈಟ್‌ಗಳು, ಅದೇ ಮೊತ್ತ, ಅದೇ ತಪ್ಪು. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದಾಗ ಹೊಸ ಸಂಪರ್ಕಕ್ಕೆ ಬೇರೆ ಆರಂಭ ಸಂಖ್ಯೆ ಸಿಗುತ್ತದೆ, ಮೊತ್ತಗಳೆಲ್ಲ ಬದಲಾಗುತ್ತವೆ. ಹೀಗಾಗಿ ಮೇಲ್ವಿಚಾರಕರ ಚಿಕಿತ್ಸೆ ಮೂಢನಂಬಿಕೆಯಂತೆ ಕಂಡರೂ ಶುದ್ಧ ಗಣಿತವಾಗಿತ್ತು. ಪ್ಯಾಕೆಟ್‌ನ ವಿಳಾಸ ಹೊತ್ತ ಐಪಿ ತಲೆಬರಹದ ಚೆಕ್‌ಸಮ್ಮಿಗೂ ಇದೇ ಫಂಕ್ಷನ್ ಬಳಕೆಯಾಗುತ್ತಿತ್ತು, ಅಲ್ಲಿಯೂ ಅಪರೂಪಕ್ಕೆ ತಪ್ಪುತ್ತಿತ್ತು. ಆದರೆ ಐಪಿಯ ಗುರುತಿನ ಸಂಖ್ಯೆ ಪ್ರತಿ ಪ್ಯಾಕೆಟ್‌ಗೂ ಒಂದೊಂದು ಏರುತ್ತದೆಯಾದ್ದರಿಂದ, ಮತ್ತೆ ಕಳಿಸಿದಾಗ ಮೊತ್ತ ಬೇರೆಯಾಗಿ ಗಾಯ ತಾನೇ ಮಾಯುತ್ತಿತ್ತು.

ನನ್ನನ್ನು ಹೆಚ್ಚು ಹೊತ್ತು ಕಾಡಿದ್ದು ಬೇರೆ. ಒಳಬರುವ ಪ್ಯಾಕೆಟ್‌ಗಳನ್ನು ಪರೀಕ್ಷಿಸುವುದೂ ಇದೇ ಫಂಕ್ಷನ್. ಫಂಕ್ಷನ್ ಕೆಟ್ಟಿದ್ದರೆ ಒಳ್ಳೆಯ ಪ್ಯಾಕೆಟ್‌ಗಳನ್ನೂ ಅದು ತಿರಸ್ಕರಿಸಬೇಕಿತ್ತಲ್ಲ? ಒಂದನ್ನೂ ತಿರಸ್ಕರಿಸಿರಲಿಲ್ಲ. ಈ ಕಾರಣಕ್ಕೇ ಮೊದಲ ವಾರ ಚೆಕ್‌ಸಮ್ ಕೋಡನ್ನು ನಾವು ಸಂಶಯದ ಪಟ್ಟಿಯಿಂದಲೇ ತೆಗೆದಿದ್ದೆವು. ಉತ್ತರ ಒಂಬತ್ತರ ಮಗ್ಗಿಯಲ್ಲಿದೆ. 18, 27, 36, ಹೀಗೆ 90ರವರೆಗೆ ಯಾವುದರ ಅಂಕಿ ಕೂಡಿದರೂ ಒಂದೇ ಏಟಿಗೆ 9 ಬರುತ್ತದೆ, ಎರಡನೆಯ ಸಲ ಕೂಡುವ ಪ್ರಮೇಯವೇ ಇಲ್ಲ. ಸರಿಯಾದ ಚೆಕ್‌ಸಮ್ ಒಳಗೊಂಡ ಪ್ಯಾಕೆಟ್‌ನ ಮೊತ್ತ ಯಾವಾಗಲೂ 65535ರ ಮಗ್ಗಿಯಲ್ಲೇ ಬೀಳುತ್ತದೆ. ಒಮ್ಮೆ ಮಡಿಸಿದರೆ ಸರಿಯಾಗಿ 65535. ಅರ್ಧ ಕೆಲಸ ಮಾಡುವ ಫಂಕ್ಷನ್ ಕೂಡ ಒಳ್ಳೆಯ ಪ್ಯಾಕೆಟ್‌ನ ಮುಂದೆ ಎಂದೂ ಎಡವುವುದಿಲ್ಲ. ಒಳಬರುವ ದಾರಿಯಲ್ಲಿ ನಿರ್ದೋಷಿ, ಹೊರಹೋಗುವ ದಾರಿಯಲ್ಲಿ ಅಪರಾಧಿ.

ಈ ದೋಷ ಹೊಸದಲ್ಲ. ಹಿಂದಿನ ಫರ್ಮ್‌ವೇರ್ ಗಂಟೆಗೊಮ್ಮೆ ಸಣ್ಣ ಸಂದೇಶ ಕಳಿಸುತ್ತಿತ್ತು, ಎರಡು ನಿಮಿಷ ಉತ್ತರ ಬಾರದಿದ್ದರೆ ಸಂಪರ್ಕ ಕಡಿದು ಹೊಸದಾಗಿ ಶುರುಮಾಡುತ್ತಿತ್ತು. ಎರಡು ನಿಮಿಷ ತಡವಾದದ್ದನ್ನು ಯಾರು ಕೇಳುತ್ತಾರೆ? ಹೊಸ ಆವೃತ್ತಿಯಲ್ಲಿ ದಿನಕ್ಕೊಂದೇ ಫೈಲ್ ಮಾಡಿದೆವು. ಟಿಸಿಪಿ ತಾನೇ ಮತ್ತೆ ಕಳಿಸುತ್ತದಲ್ಲ, ನಮ್ಮದೊಂದು ಪ್ರಯತ್ನ ಏತಕ್ಕೆ ಎಂದು ಆ ಭಾಗವನ್ನು ಕಿತ್ತುಹಾಕಿದೆವು. ಮುಚ್ಚಳ ತೆಗೆದದ್ದು ನಾವು. ಒಳಗೆ ಕೊಳೆತದ್ದು ಹಳೆಯದು.

ಕೋಡಿನ ಇತಿಹಾಸ ತೆಗೆದು ನೋಡಿದೆವು. ಮೂಲದಲ್ಲಿ ಒಂದು ಲೂಪ್ ಇತ್ತು: ಮೇಲಿನ ಅರ್ಧದಲ್ಲಿ ಏನಾದರೂ ಇರುವವರೆಗೆ ಅದನ್ನು ಕೆಳಗಿನದಕ್ಕೆ ಕೂಡಿಸುತ್ತಿರು ಎಂದು. 1988ರಲ್ಲಿ ಬ್ರೇಡನ್, ಬೋರ್ಮನ್, ಪಾರ್ಟ್ರಿಜ್ ಎಂಬ ಮೂವರು ಬರೆದ ಆರ್‌ಎಫ್‌ಸಿ 1071 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಈ ಲೆಕ್ಕದ ಮಾದರಿ ಕೋಡಿದೆ, ಅದರಲ್ಲಿಯೂ ಲೂಪೇ ಇದೆ. ನಮ್ಮಲ್ಲಿ ಯಾರೋ ವೇಗಕ್ಕೆಂದು ಲೂಪ್ ತೆಗೆದು ಒಂದೇ ಸಾಲು ಉಳಿಸಿದ್ದರು. ಪರಿಶೀಲಿಸಿ ಒಪ್ಪಿಗೆ ಕೊಟ್ಟವರ ಜಾಗದಲ್ಲಿ ನನ್ನ ಹೆಸರಿತ್ತು. ಉಳಿದ ವೇಗವಾದರೂ ಎಷ್ಟು? ಪ್ಯಾಕೆಟ್ ಒಂದಕ್ಕೆ 746 ಕೂಡಿಕೆಗಳು ನಡೆಯುವ ಕಡೆ, ಕೊನೆಯ ಎರಡು ಮೂರು ಆದೇಶಗಳು. ಈ ಲೆಕ್ಕದಲ್ಲಿ ಎಡವಿದವರು ನಾವೊಬ್ಬರೇ ಅಲ್ಲ ಎಂಬುದು ಸಣ್ಣ ಸಮಾಧಾನ. 1990ರ ಆರ್‌ಎಫ್‌ಸಿ 1141 ಕೊಟ್ಟಿದ್ದ, ಪೂರ್ತಿ ಕೂಡದೆ ಚೆಕ್‌ಸಮ್ ತಿದ್ದುವ ಸೂತ್ರ, ಸೊನ್ನೆ ಬರಬೇಕಾದ ಒಂದು ಸಂದರ್ಭದಲ್ಲಿ 65535 ಕೊಡುತ್ತಿತ್ತು. ಅದನ್ನು ಸರಿಪಡಿಸಲು 1994ರಲ್ಲಿ ಆರ್‌ಎಫ್‌ಸಿ 1624 ಬರಬೇಕಾಯಿತು.

ತಿದ್ದುವುದು ಒಂದು ಸಾಲಿನ ಕೆಲಸ; ಬೆಟ್ಟ ಅಗೆದು ಇಲಿ ಹಿಡಿದಂತಾಯಿತು. ಮತ್ತೊಮ್ಮೆ ಮಡಿಸಿದರೆ ಸಾಕು, ಮೂರನೆಯದು ಬೇಡ. ಮೊದಲ ಮಡಿಕೆಯ ನಂತರ ಬರಬಹುದಾದ ಗರಿಷ್ಠ 131070, ಅದನ್ನು ಮಡಿಸಿದರೆ 65535. ಮಡಿಸುವ ಭಾಗವನ್ನು ಬೇರೆ ಮಾಡಿ, 32 ಬಿಟ್‌ನ ಎಲ್ಲ 4294967296 ಬೆಲೆಗಳನ್ನೂ ಕಂಪ್ಯೂಟರ್‌ನಲ್ಲಿ ಓಡಿಸಿ, 65535ರಿಂದ ಭಾಗಿಸಿದ ಶೇಷದ ಜೊತೆ ತಾಳೆ ನೋಡಿದೆವು. ಒಂದು ನಿಮಿಷವೂ ಹಿಡಿಯಲಿಲ್ಲ, ಒಂದೂ ತಪ್ಪಲಿಲ್ಲ. ಕುತೂಹಲಕ್ಕೆ ಹಳೆಯದನ್ನೂ ಓಡಿಸಿದೆವು: 2147450880 ಬೆಲೆಗಳಿಗೆ ತಪ್ಪು ಉತ್ತರ. ಅರ್ಧಕ್ಕರ್ಧ! ಪ್ಯಾಕೆಟ್‌ಗಳಲ್ಲಿ ಮೇಲಿನ ಅರ್ಧ 745ನ್ನು ಎಂದೂ ದಾಟುವುದಿಲ್ಲವಾದ್ದರಿಂದ ಇಷ್ಟು ದಿನ ಬಚಾವಾಗಿದ್ದೆವು.

ಆ ಅರ್ಧಕ್ಕರ್ಧ ಎಂಬ ಸಂಖ್ಯೆಯನ್ನು ನಾನು ನಗುತ್ತಾ ಓದಿದ್ದೆ. ಮರುದಿನ ಅದೇ ನಮ್ಮ ಕಾಲಿಗೆ ತೊಡರಿತು.

ತಿದ್ದಿದ ಫರ್ಮ್‌ವೇರ್ ಇಮೇಜನ್ನು, ಎಂದರೆ ಕೋಡಿನಿಂದ ಕಟ್ಟಿದ ಒಟ್ಟು ಫೈಲನ್ನು, ಮೇಜಿನ ಮೇಲಿನ ಪೆಟ್ಟಿಗೆಗೆ ಹಾಕಲು ಹೋದರೆ, ಅದನ್ನು ಪರೀಕ್ಷಿಸಿ ಒಳಗೆ ಬಿಡುವ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಮ್ ಬೇಡವೆಂದಿತು: ಇಮೇಜ್ ಕೆಟ್ಟಿದೆ. ಮತ್ತೆ ಕಟ್ಟಿದೆವು. ಒಳಗಿನ ತಾರೀಕು ಮತ್ತು ವೇಳೆ ಮಾತ್ರ ಬದಲಾದ ಆ ಇಮೇಜನ್ನು ಒಪ್ಪಿಕೊಂಡಿತು. ಮೂರನೆಯದನ್ನು ಮತ್ತೆ ತಿರಸ್ಕರಿಸಿತು. ಹುಡುಕಿದಾಗ, ವರ್ಷಗಳ ಹಿಂದೆ ಯಾರೋ ಇದೇ ಚೆಕ್‌ಸಮ್ ಫಂಕ್ಷನ್ನನ್ನು 512 ಕಿಲೋಬೈಟ್ ಇಮೇಜ್ ಪರೀಕ್ಷೆಗೂ ಬಳಸಿದ್ದು ಗೊತ್ತಾಯಿತು. ಅಲ್ಲಿ 262144 ಜೋಡಿಗಳು. 32 ಬಿಟ್‌ನ ಪಾತ್ರೆ 65535ರ ಬೆಲೆಯ ಜೋಡಿಗಳನ್ನು ಸರಿಯಾಗಿ 65537ರವರೆಗೆ ಮಾತ್ರ ಹಿಡಿಯಬಲ್ಲದು. ಪ್ಯಾಕೆಟ್‌ಗೆ ಅದು ಧಾರಾಳ, ಇಮೇಜ್‌ಗೆ ಸಾಲದು. ಪಾತ್ರೆಯೇ ಉಕ್ಕಿ ಚೆಲ್ಲುತ್ತಿತ್ತು, ಮೇಲಿಂದ ಮಡಿಕೆಯೂ ತಪ್ಪುತ್ತಿತ್ತು. ಇಮೇಜ್ ಕಟ್ಟುವ ಕಂಪ್ಯೂಟರ್ ಮತ್ತು ಪೆಟ್ಟಿಗೆಯ ಬೂಟ್‌ಲೋಡರ್ ಎರಡೂ ಒಂದೇ ತಪ್ಪನ್ನು ಮಾಡುತ್ತಿದ್ದುದರಿಂದ ಉತ್ತರ ಸದಾ ಹೊಂದುತ್ತಿತ್ತು. ಈಗ ಕಂಪ್ಯೂಟರ್ ಕಡೆಯದು ಸರಿಯಾಯಿತು. ಬೂಟ್‌ಲೋಡರನ್ನು ಕಾರ್ಖಾನೆಯಲ್ಲಿರುವ 30 ಪೆಟ್ಟಿಗೆಗಳಲ್ಲಿ ಬದಲಿಸುವ ಹಾಗಿಲ್ಲ. ಅದು ಒಮ್ಮೆ ಬರೆದು ಬೀಗ ಹಾಕಿದ ಜಾಗ. ಇಷ್ಟು ದೊಡ್ಡ ಇಮೇಜ್‌ನಲ್ಲಿ ಮೇಲಿನ ಅರ್ಧ ಯಾವ ಬೆಲೆಯಾದರೂ ಆಗಬಹುದು, ಆದ್ದರಿಂದ ಕಟ್ಟಿದ ಇಮೇಜ್‌ಗಳಲ್ಲಿ ಅರ್ಧದಷ್ಟು ತಿರಸ್ಕೃತವಾಗುತ್ತವೆ.

ಒಪ್ಪಿಗೆ ಸಿಗುವವರೆಗೆ ಮತ್ತೆ ಮತ್ತೆ ಕಟ್ಟುತ್ತಾ ಹೋಗೋಣ ಎಂಬ ಸಲಹೆಯೂ ಬಂತು. ಗಡುವು ಹತ್ತಿರವಿದ್ದಾಗ ಬರುವ ಸಲಹೆ ಅದು. ನಾನು ಒಪ್ಪಲಿಲ್ಲ. ಫಂಕ್ಷನ್ ಎರಡಾಯಿತು. ನೆಟ್‌ವರ್ಕ್‌ಗೆ ಹೊಸದು, ಲೂಪ್ ಸಮೇತ. ಇಮೇಜ್‌ಗೆ ಹಳೆಯದು, ಇದ್ದ ತಪ್ಪುಗಳೆಲ್ಲ ಇದ್ದ ಹಾಗೆಯೇ, ಬೇರೆ ಹೆಸರಿನಲ್ಲಿ, ಬೇರೆ ಕಡತದಲ್ಲಿ. ಅದರ ತಪ್ಪು ಉತ್ತರಗಳನ್ನೇ ಸರಿಯೆಂದು ಪರೀಕ್ಷಿಸುವ ಒಂದಷ್ಟು ಪರೀಕ್ಷೆಗಳೊಂದಿಗೆ. 30 ಪೆಟ್ಟಿಗೆಗಳಿಗೂ ಹೊಸ ಫರ್ಮ್‌ವೇರ್ ಹೋಯಿತು. ಸರ್ವರ್‌ನ ಆ ಎಣಿಕೆ ಅಂದು ಇದ್ದಲ್ಲೇ ನಿಂತಿದೆ. ಹಳೆಯ ಫಂಕ್ಷನ್‌ನ ನೆತ್ತಿಯ ಮೇಲೆ ಆ ಕಿರಿಯ ಎಂಜಿನಿಯರ್ ಬರೆದ ಟಿಪ್ಪಣಿ ಹೀಗೆ ಶುರುವಾಗುತ್ತದೆ: "ಈ ಲೆಕ್ಕ ತಪ್ಪಾಗಿದೆ. ದಯವಿಟ್ಟು ತಿದ್ದಬೇಡಿ."